ಬೀಗವಿಲ್ಲದ ಹಾಡು

ಮಿನಿಬಸ್ಸಿನ ಡ್ರೈವರ್ ಹಾಡು ಬದಲಿಸಲು ಕೈ ಚಾಚಿದಾಗಲೆಲ್ಲ ಕಸೊಂಡೆ ಕಿಟಕಿಯಿಂದ ತಲೆ ಎತ್ತುತ್ತಿದ್ದಳು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಆ ಚೂರು ಮೌನವನ್ನು ಅವಳು ಉಸಿರು ಹಿಡಿದು ದಾಟಬೇಕಾಗಿತ್ತು. ಗಿಟಾರೋ ಯಾವನೋ ಗಂಡಸಿನ ದನಿಯೋ ಕೇಳಿಸಿದ ಮೇಲೆ, ಸದ್ಯ ಇದಲ್ಲ ಎಂದು ಮತ್ತೆ ಕಿಟಕಿಗೆ ತಲೆ ಆನಿಸುವುದು. ಹೊರಗೆ ನೀಲಗಿರಿ ಮರಗಳು, ಇದ್ದಿಲಿನ ಮೂಟೆ ಹೇರಿಕೊಂಡು ಸೈಕಲ್ಲು ತಳ್ಳುವವರು, ಬಕೆಟ್ಟಿನಲ್ಲಿ ಅಣಬೆ ಇಟ್ಟುಕೊಂಡು ರಸ್ತೆಯಂಚಿಗೆ ಕೂತ ಹೆಂಗಸರು. ಕಿಟ್ವೆಯಿಂದ ಗಣಿಯೂರು ಮುಫುಲಿರಾಕ್ಕೆ ಹೋಗುವ ಶನಿವಾರದ ಬಸ್ಸು ಎಂದಿನ ಹಾಗೇ ಇತ್ತು. ಪಕ್ಕದಲ್ಲಿ ಕೂತಿದ್ದ, ಕಾಲ ಬಳಿ ಎಲೆಕೋಸಿನ ಚೀಲವಿಟ್ಟುಕೊಂಡಿದ್ದ ಹೆಂಗಸು ಅವಳ ಮುಖವನ್ನೇ ನೋಡುತ್ತಿದ್ದವಳು, "ಬಸ್ಸಾಗಲ್ವಾ ಮಗಳೇ? ನಿಂಬೆಹಣ್ಣು ಮೂಸ್ತೀಯಾ?" ಅಂದಳು. "ಇಲ್ಲಮ್ಮ, ಹಾಗೇನಿಲ್ಲ." "ಎಲ್ಲಿಗೆ?" "ನಮ್ಮತ್ತೆ ಮನೆಗೆ. ದೊಡ್ಡೋರೆಲ್ಲ ಸೇರ್ತಾರೆ ಇವತ್ತು." "ಮದುವೆ ಮಾತಾ?" "ಅಲ್ಲ." ಹೆಂಗಸು ತಿಳಿಯಿತು ಎನ್ನುವಂತೆ ತಲೆಯಾಡಿಸಿ ಚೀಲವನ್ನು ಕಾಲಿನಿಂದಲೇ ಹತ್ತಿರಕ್ಕೆಳೆದುಕೊಂಡಳು. "ಮದುವೆಗಲ್ದೆ ದೊಡ್ಡೋರು ಸೇರ್ತಾರೆ ಅಂದ್ರೆ ಯಾರೋ ಏನೋ ಒಡೆದಿದಾರೆ ಅಂತ. ನೀನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಕ್ಕಳು. ಕಸೊಂಡೆಯೂ ನಕ್ಕಳು. ನಕ್ಕಿದ್ದು ಬಾಯಿ ಮಾತ್ರ. ಹೌದು ನಾನೇ ಎಂದು ಈ ಗುರುತಿಲ್ಲದ ಹೆಂಗಸಿಗೆ ಹೇಳಿಬಿಟ್ಟರೆ ಹಗುರಾಗಬಹುದೇನೋ ಅನ್ನಿಸಿತು. ಆದರೆ ಹೇಳುವುದು ಎಂಬ ಕೆಲಸದ ಮೇಲೆಯೇ ಅವಳಿಗೆ ಈಗ ನಂಬಿಕೆ ಉಳಿದಿರಲಿಲ್ಲ.

ಅವಳ ಸೋದರತ್ತೆ ಬಾನಾ ಕಬಾಸೊ ಒಬ್ಬ ನಾಚಿಂಬುಸಾ. ಮೈನೆರೆದ ಅಥವಾ ಮದುವೆಯಾಗುವ ಹುಡುಗಿಯನ್ನು ಒಳಕೋಣೆಯಲ್ಲಿ ಕೂರಿಸಿಕೊಂಡು, ಮಣ್ಣಿನ ಗೊಂಬೆಗಳನ್ನು ಒಂದೊಂದಾಗಿ ಮುಂದಿಟ್ಟು, ಒಂದೊಂದಕ್ಕೂ ಅದರದೇ ಹಾಡು ಹೇಳಿ, ಸಂಸಾರದ ಒಳಗುಟ್ಟು ಕಲಿಸುವವಳು. ಹುಡುಗಿ ಮಂಡಿಯೂರಿ, ಕೈಯಲ್ಲೊಂದು ಕಾಣಿಕೆ ಹಿಡಿದು ಕೇಳಬೇಕು. ಆಗ ಹಾಡಿನ ಅರ್ಥ ಬಿಡಿಸುತ್ತಾರೆ. ಅಲ್ಲಿಯವರೆಗೆ ಹಾಡು ಬರೀ ಹಾಡು. ಗಂಡಸರಿಗೆ, ಇನ್ನೂ ಹೇಳಿಸಿಕೊಳ್ಳದ ಹುಡುಗಿಯರಿಗೆ ಆ ಕೋಣೆಯ ಬಾಗಿಲಿಲ್ಲ. ಮುಫುಲಿರಾದ ಗಣಿ ಕಾಲೋನಿಯಲ್ಲಿ ಬಾನಾ ಕಬಾಸೊ ಕಲಿಸದ ಸೊಸೆಯರು ಕಡಿಮೆ. ರಸ್ತೆಯಲ್ಲಿ ಅವಳು ಎದುರಾದರೆ ಮಕ್ಕಳಿರುವ ಹೆಂಗಸರು ಕೂಡ ಮೊಣಕಾಲು ಬಗ್ಗಿಸಿ ಕೈ ತಟ್ಟಿ ನಮಸ್ಕರಿಸುತ್ತಿದ್ದರು. ಇವತ್ತು ಉಳಿದ ನಾಚಿಂಬುಸಾಗಳು ಅವಳ ಮನೆಯಲ್ಲೇ ಸೇರಿ, ಅವಳು ಇನ್ನು ಮುಂದೆ ತಮ್ಮೊಡನೆ ಕೂರಬಹುದೋ ಇಲ್ಲವೋ ಎಂದು ತೀರ್ಮಾನಿಸುವವರಿದ್ದರು. ಕಾರಣ ಕಸೊಂಡೆ.

ಹೋದ ತಿಂಗಳು ಅದೇ ಕಾಲೋನಿಯಲ್ಲಿ ಒಂದು ಬೆಂಕಿ ತೋರಿಸುವ ಶಾಸ್ತ್ರ. ಹುಡುಗಿಯ ಕಡೆಯ ಹೆಂಗಸರು ಅಡುಗೆ ಹೊತ್ತುಕೊಂಡು ಹುಡುಗನ ಮನೆಗೆ ಹೋಗುವುದು, ಒಂದೊಂದು ಪಾತ್ರೆಯ ಮುಚ್ಚಳ ತೆಗೆಯುವಾಗಲೂ ಹಾಡುವುದು, ಹುಡುಗ ಚಾಪೆಯ ಮೇಲೆ ತಲೆತಗ್ಗಿಸಿ ಕೂತು ತನ್ನ ಮನೆಗೆ ಎಂಥ ರುಚಿ ಬರಲಿದೆ ಎಂದು ನೋಡುವುದು. ಸಾಲಿನ ಮುಂದೆ ಅತ್ತೆ. ಹಿಂದೆಲ್ಲೋ ಕಸೊಂಡೆ, ತಲೆಯ ಮೇಲೆ ಶೇಂಗಾ ಪುಡಿ ಹಾಕಿದ ಸೊಪ್ಪಿನ ಪಾತ್ರೆ. ಅದರ ಬಿಸಿ ಸಿಂಬೆಯೊಳಗಿಂದ ನೆತ್ತಿಗೆ ತಾಗುತ್ತಿತ್ತು. ಅಂಗಳಕ್ಕೆ ಕಾಲಿಡುವಾಗ ಹುಡುಗನ ಸ್ನೇಹಿತರು ದೊಡ್ಡ ಸ್ಪೀಕರಿನಲ್ಲಿ ಏನೋ ಹಾಕಿದರು. ಡ್ರಮ್ಮು ಕುಣಿಯುವಂತಿತ್ತು, ಮುಂದಿನ ಸಾಲಿನ ಒಂದಿಬ್ಬರು ಸೊಂಟ ತಿರುಗಿಸಿದ್ದೂ ಉಂಟು. ಅದರ ಮೇಲೆ ಒಂದು ಹೆಂಗಸಿನ ದನಿ ಬಂತು. ಬಾಗಿಲಿಲ್ಲದ ಮನೆ ಎಂಬ ಗೊಂಬೆಯ ಹಾಡು. ಅತ್ತೆಯ ದನಿ. ಹಾಡು ಮುಗಿದು ಕೆಮ್ಮು. ಆ ಕೆಮ್ಮು ತನ್ನದೇ ಎಂದು ಕಸೊಂಡೆಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು, ನಮ್ಮ ದನಿ ನಮಗೆ ಹೊರಗಿನಿಂದ ಬಂದಾಗ ಯಾರದೋ ಬಡವರ ಮನೆ ಹುಡುಗಿಯದೆಂಬಂತೆ ಕೇಳಿಸುವುದಲ್ಲ, ಹಾಗೆ. ಆಮೇಲೆ ಅದೇ ಹುಡುಗಿಯ ದನಿ, "ಇದರ ಅರ್ಥ ಏನತ್ತೆ?" ಮತ್ತು ಅತ್ತೆ ಹೇಳತೊಡಗಿದಳು: ಗಂಡನನ್ನು ಚಾಪೆಯಿಂದ ದೂರ ಇಡಬೇಕಾದ ದಿನಗಳ ಬಗ್ಗೆ, ಅದನ್ನು ಬಾಯಿ ಬಿಡದೆ ತಿಳಿಸುವ ಬಗೆ, ಹಾಗೆ ತಿಳಿಸಿದರೂ ತಿಳಿಯದಂತೆ ನಟಿಸುವ ಗಂಡಸರಿಗೆ ಮಾಡಬೇಕಾದದ್ದು. ಡ್ರಮ್ಮು ಪ್ರತಿ ವಾಕ್ಯದ ಕೊನೆಗೂ ಢಮ್ಮೆನ್ನುತ್ತಿತ್ತು. ಗಂಡಸರು ಬಿದ್ದು ಬಿದ್ದು ನಕ್ಕರು. ಚಾಪೆಯ ಮೇಲೆ ಕೂತ ಹುಡುಗನ ಭುಜ ಕೂಡ ಅಲುಗುತ್ತಿತ್ತು. ಹೆಂಗಸರು ತಲೆಯ ಮೇಲೆ ಪಾತ್ರೆ ಹೊತ್ತುಕೊಂಡು ನಿಂತಿದ್ದರು, ಇಳಿಸುವ ಹಾಗೂ ಇಲ್ಲ, ಹಿಂತಿರುಗುವ ಹಾಗೂ ಇಲ್ಲ. ಆಗ ಸ್ಪೀಕರಿನ ಪಕ್ಕದ ಹುಡುಗ ಮೈಕಿನಲ್ಲಿ, "ಕೃಪೆ: ಡಾಕ್ಟರ್ ಕಸೊಂಡೆ ಸಾಂಪಾ" ಎಂದ. ತುಂಟತನದಿಂದಲ್ಲ, ಬಹಳ ಮರ್ಯಾದೆಯಿಂದ. ಈ ಧ್ವನಿಮುದ್ರಣದೊಡನೆ ಪ್ರಕಟಿಸಿದ್ದ ಲೇಖನಕ್ಕೆ ಅವಳು ಕೊಟ್ಟ ಪರವಾನಗಿಯಲ್ಲಿ ಇದ್ದದ್ದು ಅದೊಂದೇ ಷರತ್ತು: ಯಾರು ಬೇಕಾದರೂ ಓದಬಹುದು, ಹಂಚಬಹುದು, ಬೆರೆಸಿ ಬೇರೆ ಏನಾದರೂ ಮಾಡಬಹುದು, ಮೂಲದವರ ಹೆಸರು ಹೇಳಿದರೆ ಸಾಕು. ಅವನು ಹೇಳಿದ್ದ. ಅತ್ತೆ ಹಿಂದಿರುಗಿ ನೋಡಲಿಲ್ಲ. ಅವಳ ಕುತ್ತಿಗೆಯ ಹಿಂಭಾಗ ಮಾತ್ರ ಕಾಣಿಸುತ್ತಿತ್ತು, ಪಾತ್ರೆಯ ಭಾರಕ್ಕೆ ನೆಟ್ಟಗೆ ನಿಂತ ಕುತ್ತಿಗೆ, ಅದರ ಮೇಲೆ ಒಂದು ಬೆವರಿನ ಹನಿ ಇಳಿಯಲೋ ಬೇಡವೋ ಎಂದು ನಿಂತಿತ್ತು.

ಅಂದಿನಿಂದ ಅವಳು ತನ್ನೊಳಗೆ ಒಂದು ವಾದ ನಡೆಸುತ್ತಲೇ ಇದ್ದಳು, ಎದುರು ಯಾರೂ ಇಲ್ಲದ ವಾದ. ನಾನು ಬೀಗ ತೆಗೆದೆ, ಅಷ್ಟೆ. ಬೀಗ ಹಾಕಿದವರು ಯಾರು? ಎಂ.ಎ. ಓದುವಾಗ ಒಂದು ದಿನ ಅವಳಿಗೆ ಒಂದು ಲೇಖನ ಸಿಕ್ಕಿತ್ತು, ಸಿಕ್ಕಿತ್ತು ಎಂದರೆ ಅದರ ಮೊದಲ ಪುಟ. ಯಾವನೋ ದೂರದೇಶದ ವಿದ್ವಾಂಸ ಕಸಾಮಾದ ಕಡೆಯ ಒಂದು ಹಳ್ಳಿಯ ಹೆಂಗಸರ ಬಗ್ಗೆ ಬರೆದದ್ದು. ಹಳ್ಳಿಯ ಹೆಸರು ಅವಳ ಅಜ್ಜಿಯ ಹಳ್ಳಿಯದು. ಪುಟದ ಕೆಳಗೆ ಅರ್ಧ ಕತ್ತರಿಸಿದ ಒಂದು ಫೋಟೊ: ಕುಟ್ಟುವ ಒರಳು, ಒನಕೆ ಹಿಡಿದ ಎರಡು ಕೈ, ಅದರ ಮೇಲೆ ಬೂದು ಬಣ್ಣದ ಚೌಕ, ಅದರಲ್ಲಿ ಮುಂದೆ ಓದಲು ದುಡ್ಡು ಕಟ್ಟಿ ಎಂಬ ಸಾಲು. ಆ ಮಣಿಕಟ್ಟಿನ ತಾಮ್ರದ ಬಳೆ ಅಜ್ಜಿಯದೇ ಎಂದು ಅವಳಿಗೆ ಅನ್ನಿಸಿತ್ತು. ಅಲ್ಲದಿರಲೂಬಹುದು, ಆ ಕಾಲಕ್ಕೆ ಅಂಥ ಬಳೆ ಎಲ್ಲರ ಕೈಯಲ್ಲೂ. ತಿಳಿಯುವ ದಾರಿ ಇರಲಿಲ್ಲ. ಅವರು ಕೇಳಿದ ಮೊತ್ತದಲ್ಲಿ ಹಾಸ್ಟೆಲಿನ ಇಡೀ ತಿಂಗಳು ಕಳೆಯುತ್ತಿತ್ತು. ಅಜ್ಜಿಯ ಕೈ ನೋಡಲು ಅಜ್ಜಿಯ ಮೊಮ್ಮಗಳು ಪರದೇಶದವರಿಗೆ ಕಾಣಿಕೆ ಕೊಡಬೇಕು. ಆ ಬೂದು ಚೌಕದ ಮುಂದೆ ಅವಳು ಬಹಳ ಹೊತ್ತು ಕೂತಿದ್ದಳು, ಚೌಕ ತಾನಾಗಿ ಕರಗುವುದೇನೋ ಎಂಬಂತೆ. ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಹಾಗೆಲ್ಲ ಆಗುತ್ತಿತ್ತು. ಅವಳ ಇನ್ನೊಂದು ಕತೆಯಲ್ಲಿ ಒಂದು ಹಕ್ಕಿ ಇತ್ತಂತೆ, ಕಾಡಿನಲ್ಲಿ ಜೇನು ಎಲ್ಲಿದೆ ಎಂದು ಮನುಷ್ಯರಿಗೆ ಕೂಗಿ ಕೂಗಿ ತೋರಿಸುವ ಹಕ್ಕಿ. ಅದು ಕರೆದಲ್ಲಿಗೆ ಹೋಗಿ, ಹೊಗೆ ಹಾಕಿ, ಜೇನು ಇಳಿಸಿದ ಮೇಲೆ ಜೇನುಹುಟ್ಟಿನ ಒಂದು ತುಂಡನ್ನು ಅದಕ್ಕೆಂದು ಬಿಟ್ಟು ಬರಬೇಕು. ಬಿಡದೆ ಬಂದರೆ ಮುಂದಿನ ಸಲ ಅದೇ ಕೂಗಿನಿಂದ ಕರೆದು ಸಿಂಹದ ಬಾಯಿಗೆ ಒಯ್ಯುತ್ತದೆ. "ಕೂಗು ಮಾತ್ರ ಅದೇ ಕಣೇ," ಎನ್ನುತ್ತಿದ್ದಳು ಅಜ್ಜಿ, "ವ್ಯತ್ಯಾಸ ಗೊತ್ತೇ ಆಗಲ್ಲ."

ವಿಶ್ವವಿದ್ಯಾನಿಲಯದ ಗ್ರಂಥಪಾಲ ಜೆರೆಗೆ ಈ ಬೂದು ಚೌಕದ ಸಂಗತಿ ಹೇಳಿದ್ದೇ ತಡ, ಅವನು ಅದನ್ನು ತನ್ನದಾಗಿಸಿಕೊಂಡುಬಿಟ್ಟ. ಇಬ್ಬರೂ ಸೇರಿ ಸಂಶೋಧನಾ ಪತ್ರಿಕೆಯೊಂದನ್ನು ಶುರುಮಾಡಿದರು, ಬರೆಯುವವರಿಂದಲೂ ಓದುವವರಿಂದಲೂ ಒಂದು ಕಾಸು ತೆಗೆದುಕೊಳ್ಳದ, ಎಲ್ಲರಿಗೂ ತೆರೆದ ಪತ್ರಿಕೆ. ವಿದ್ಯುತ್ ಇರುವ ಹೊತ್ತು ನೋಡಿಕೊಂಡು ಜೆರೆ ತಾನೇ ಪುಟ ಕಟ್ಟುತ್ತಿದ್ದ. ಮೊದಲ ಸಂಚಿಕೆಯ ಮೊದಲ ಲೇಖನ ಅವಳದು: ಅತ್ತೆಯ ಹಾಡುಗಳು, ಅರ್ಥಗಳು, ಜೊತೆಗೆ ಧ್ವನಿಮುದ್ರಣ. ಅತ್ತೆಯ ಹೆಸರು ದಪ್ಪಕ್ಷರದಲ್ಲಿ. ಪತ್ರಿಕೆಯ ಜಾಲತಾಣದಲ್ಲಿ ಭೂಪಟವೊಂದಿತ್ತು, ಲೇಖನ ಎಲ್ಲಿ ಓದಿದರೆ ಅಲ್ಲಿ ಒಂದು ಕಿತ್ತಳೆ ಚುಕ್ಕೆ ಮೂಡುತ್ತಿತ್ತು. ಬ್ರೆಜಿಲಿನ ತೀರದಲ್ಲಿ ಒಂದು, ನಾರ್ವೆಯ ಬೆನ್ನ ಮೇಲೆ ಒಂದು, ಅಕ್ರಾ, ಕಂಪಾಲಾ. ಅವಳು ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಚುಕ್ಕೆ ನೋಡುತ್ತಿದ್ದಳು. ಅಜ್ಜಿ ಎರಚಿದ ಕಾಳು ಎಲ್ಲೆಲ್ಲೋ ಮೊಳಕೆ ಬಂದ ಹಾಗೆ ಅನ್ನಿಸುತ್ತಿತ್ತು. ಒಂದು ದಿನ ಮುಫುಲಿರಾದ ಮೇಲೆ ಚುಕ್ಕೆ ಮೂಡಿತು. ಅವತ್ತು ಅವಳು ಎಷ್ಟು ಖುಷಿಪಟ್ಟಿದ್ದಳು ಎಂಬುದೇ ಈಗ ನೆನೆದರೆ ಮೈ ಹಿಡಿಯಾಗುತ್ತಿತ್ತು. ತಿರುಗಿಸಿ ಯೋಚಿಸಿದರೆ ಎಲ್ಲಕ್ಕಿಂತ ಕಹಿಯಾದದ್ದು ಬೇರೆಯೇ ಇತ್ತು: ಪರದೇಶದವರ ಬೂದು ಬೀಗದ ಹಿಂದೆ ಈ ಲೇಖನ ಬಿದ್ದಿದ್ದರೆ ಮುಫುಲಿರಾದ ಯಾವ ಹುಡುಗನೂ ಅದನ್ನು ತೆರೆಯುತ್ತಿರಲಿಲ್ಲ. ಅವಳು ದ್ವೇಷಿಸಿದ ಬೀಗವೇ ಅತ್ತೆಯ ಕೋಣೆಯ ಬಾಗಿಲು ಕಾಯುತ್ತಿತ್ತು. ಹೀಗೆ ಯೋಚಿಸುವುದು ಕೂಡ ದ್ರೋಹವೇ. ಯಾರಿಗೆ ದ್ರೋಹ ಎಂಬುದು ಮಾತ್ರ ಸ್ಪಷ್ಟವಾಗುತ್ತಿರಲಿಲ್ಲ.

ನಿನ್ನೆ ಗ್ರಂಥಾಲಯದಲ್ಲಿ ಜೆರೆಯ ಎದುರು ಹೋದಾಗ ಮೊದಲು ಅವಳ ಕಿವಿಗೆ ಬಿದ್ದದ್ದು ಎಂದಿನ ಬೈಗುಳ. ಜೆರೆ ಎನ್‌ಗೋನಿ ಕುಲದವನು, ಅವಳು ಬೆಂಬಾ; ಈ ಎರಡು ಕುಲದವರು ಎದುರಾದರೆ ತಮಾಷೆಗೆ ಬೈದಾಡಿಕೊಳ್ಳಲೇಬೇಕು, ಸತ್ತ ಮನೆಯಲ್ಲೂ ಬಿಡುವಂತಿಲ್ಲ. "ಬನ್ನಿ ಕೋತಿ ತಿನ್ನೋರೇ," ಎಂದು ಅವನು ಕುರ್ಚಿ ಎಳೆದ, "ಮುಖ ನೋಡಿದ್ರೆ ಕೋತಿನೇ ನಿಮ್ಮನ್ನ ತಿಂದ ಹಾಗಿದೆ." ಅವಳು ತಿರುಗಿಸಿ ಇಲಿ ತಿನ್ನುವವನೇ ಎನ್ನಬೇಕಾಗಿತ್ತು. ಎನ್ನಲಿಲ್ಲ. ಅವನ ಮುಖದಿಂದ ನಗು ಮೆಲ್ಲಗೆ ಹಿಂದೆ ಸರಿಯಿತು.

"ಜೆರೆಯವರೇ, ನನ್ನ ಲೇಖನ ತೆಗೆದುಬಿಡಿ."

"ಎಲ್ಲಿಂದ?"

"ಎಲ್ಲ ಕಡೆಯಿಂದ."

ಅವನು ಕನ್ನಡಕ ತೆಗೆದು ಅಂಗಿಯಂಚಿಗೆ ಒರೆಸಿದ. "ಬೀದಿಗೆ ಬಿಟ್ಟ ಕೋಳಿನ ಹಿಡಿದು ಮತ್ತೆ ಮೊಟ್ಟೆ ಮಾಡು ಅಂದ ಹಾಗಾಯ್ತು ಡಾಕ್ಟರಮ್ಮ. ನಾಲ್ಕು ಜಾಲ ಭಂಡಾರದಲ್ಲಿ ಅದರ ಪ್ರತಿ ಇದೆ. ಕೊಟ್ಟ ಪರವಾನಗಿ ವಾಪಸ್ ತಗೊಳ್ಳೋ ಹಾಗಿಲ್ಲ, ನೀವೇ ಮೂರು ಸಲ ಓದಿ ಸಹಿ ಹಾಕಿದ್ದು. ನಾನೇ ಹೇಳಿದ್ದೆ ನೆನಪಿದೆಯಾ, ಸ್ವಲ್ಪ ಬಿಗಿಯಾದದ್ದು ಇನ್ನೊಂದಿದೆ ಅಂತ. ನೀವು ಬೇಡ, ಪೂರ್ತಿ ತೆಗೀರಿ ಅಂದ್ರಿ."

"ನಮ್ಮತ್ತೆಗೆ ಅವಮಾನ ಆಗಿದೆ."

"ಗೊತ್ತು. ಆದ್ರೆ ಅವಮಾನ ಆಯ್ತು ಅನ್ನೋದು ಕಾರಣ ಅಲ್ಲ. ಲೇಖನದಲ್ಲಿ ತಪ್ಪಿದ್ರೆ ಮಾತ್ರ ಹಿಂದಕ್ಕೆ ತಗೋಬಹುದು. ಅದೂ ಅಳಿಸಿ ಹೋಗಲ್ಲ. ಪ್ರತಿ ಪುಟದ ಮೇಲೂ ಕೆಂಪಗೆ ಅಡ್ಡ ಬರೀತೀವಿ, ಇದು ಸುಳ್ಳು, ಇದನ್ನ ನಂಬಬೇಡಿ ಅಂತ. ಕಾರಣನೂ ಬರೀಬೇಕು, ಎಲ್ಲರಿಗೂ ಕಾಣೋ ಹಾಗೆ." ಅವನು ಕನ್ನಡಕ ಮತ್ತೆ ಹಾಕಿಕೊಂಡ. ಹೊರಗಿನವರು ತಮ್ಮ ಮಾನ್ಯ ಪತ್ರಿಕೆಗಳ ಪಟ್ಟಿಗೆ ಸೇರಿಸಿಕೊಳ್ಳಲು ಈ ತಿಂಗಳೇ ಅವರ ಪತ್ರಿಕೆಯನ್ನು ಪರೀಕ್ಷಿಸುತ್ತಿದ್ದರು. ಮೊದಲ ಸಂಚಿಕೆಯ ಮೊದಲ ಲೇಖನವೇ ಸುಳ್ಳು ಎಂದಾದರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆ, ಇಬ್ಬರಿಗೂ ಗೊತ್ತು. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅದೇ ಅವಳನ್ನು ಹೆಚ್ಚು ನೋಯಿಸಿತು. "ತಪ್ಪಿದೆಯಾ?" ಎಂದಷ್ಟೇ ಕೇಳಿದ. "ಇಲ್ಲ," ಎಂದಳು. ಇರಲಿಲ್ಲ. ಒಂದೊಂದು ಪದಕ್ಕೂ ಅವಳು ಮುದ್ರಣವನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದ್ದಳು.

ಅಲ್ಲಿಂದ ಹೊರಗೆ ಬಂದು ಮರದ ಕೆಳಗೆ ನಿಂತು ಅತ್ತೆಗೆ ಫೋನ್ ಮಾಡಿದಳು. ಏನೂ ಮಾಡಲಾಗುವುದಿಲ್ಲ ಎಂದು ಹೇಳಲು. "ತಪ್ಪಿದ್ರೆ ಮಾತ್ರ ತೆಗೀತಾರಂತೆ ಅತ್ತೆ." ಆಚೆ ಕೋಳಿಯೊಂದು ಕೊಕ್ಕರಿಸಿತು, ಯಾರೋ ನೀರು ಸುರಿದರು. ಆಮೇಲೆ ಅತ್ತೆ, ಉಪ್ಪು ಮುಗಿದಿದೆ ಎನ್ನುವಷ್ಟೇ ಸಾಧಾರಣ ದನಿಯಲ್ಲಿ, "ಹಾಗಾದ್ರೆ ತಪ್ಪೇ ಇದೆ," ಅಂದಳು.

ಬಸ್ಸು ಮುಫುಲಿರಾದ ಇಳಿಜಾರಿಗೆ ಬಂದಾಗ ತಾಮ್ರ ಕರಗಿಸುವ ಕುಲುಮೆಯ ಹೊಗೆ ಗಂಟಲಿಗೆ ತಾಗಿತು. ಎಲೆಕೋಸಿನ ಹೆಂಗಸು ಹೊದ್ದ ಬಟ್ಟೆಯ ಅಂಚಿನಿಂದ ಮೂಗು ಮುಚ್ಚಿಕೊಂಡು, ಒಡೆದದ್ದನ್ನ ಅಂಟಿಸೋಕೆ ಹೋಗಬೇಡ, ಚೂರುಗಳನ್ನ ಗುಡಿಸಿ ಕೊಡು ಸಾಕು, ಎಂದು ಏನೋ ಹೇಳಿ ಇಳಿದುಹೋದಳು. ಕಸೊಂಡೆ ಕಾಲೋನಿಯ ಓಣಿಯಲ್ಲಿ ನಡೆದಳು. ನಲ್ಲಿಯ ಬಳಿ ಹೆಂಗಸರು ಅವಳನ್ನು ನೋಡಿ ಮಾತು ನಿಲ್ಲಿಸಿದರೋ, ಮಾತು ಮುಗಿದು ಸುಮ್ಮನಾದರೋ. ಒಬ್ಬಳು "ಹೇಗಿದೀರಿ ಡಾಕ್ಟರ್?" ಎಂದಳು, ಇಷ್ಟು ವರ್ಷ ಹೆಸರು ಹಿಡಿದು ಕರೆದವಳು. ಅತ್ತೆಯ ಮನೆಯ ಮುಂದೆ ಮಾವ, ಗಣಿಯಿಂದ ನಿವೃತ್ತನಾದ ಬಾಶಿ ಕಬಾಸೊ, ಗೋಡೆಗಾನಿಸಿದ ಬೆಂಚಿನ ಮೇಲೆ ರೇಡಿಯೊದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. "ಬಂದೆಯಾ. ಒಳಗೆ ಹೋಗು. ಬೆಳಗಿಂದ ನನಗೊಂದು ಮಾತಿಲ್ಲ, ತಿಂಡಿ ಇಲ್ಲ. ನಾನೇನು ಹಾಡಿದ್ನಾ?" ಎಂದ.

ಹಿತ್ತಲಿನಲ್ಲಿ ಅತ್ತೆ ದೊಡ್ಡ ಮಡಕೆಯಲ್ಲಿ ಮುಂಕೋಯೊ ಸೋಸುತ್ತಿದ್ದಳು, ಜೋಳದ ಗಂಜಿಗೆ ಬೇರು ಹಾಕಿ ಹುಳಿಬರಿಸಿದ ಪಾನಕ. ಬರುವವರು ಅದನ್ನು ಕುಡಿದರೆ ತೀರ್ಮಾನ ಅವಳ ಪರ, ಮುಟ್ಟದೆ ಎದ್ದರೆ ಮುಗಿಯಿತು. ಕಸೊಂಡೆ ಮಂಡಿಯೂರಿ ಕೈ ತಟ್ಟಿದಳು. ಅತ್ತೆ ಸೋಸುವ ಬಟ್ಟೆಯ ಇನ್ನೊಂದು ತುದಿಯನ್ನು ಅವಳತ್ತ ನೀಡಿದಳು, ಏನೂ ಆಗಿಲ್ಲವೆಂಬಂತೆ. ಇಬ್ಬರೂ ಹಿಂಡಿದರು.

"ಅತ್ತೆ, ನಿನ್ನೆ ಹೇಳಿದ್ರಲ್ಲ. ತಪ್ಪಿದೆ ಅಂತ."

"ಹೂಂ."

"ಯಾವುದು ತಪ್ಪು?"

"ಅರ್ಥ." ಅತ್ತೆ ಬಟ್ಟೆಯ ಗಂಟು ಬಿಚ್ಚಿ ಸಿಪ್ಪೆಯನ್ನು ಕೋಳಿಗಳತ್ತ ಕೊಡವಿದಳು. "ನೀನು ಫೋನು ಇಟ್ಕೊಂಡು ಕೂತಿದ್ದೆ. ಫೋನಿಗೆ ಎಷ್ಟು ಹೇಳಬೇಕೋ ಅಷ್ಟು ಹೇಳಿದೆ. ಹೊರಗಿನ ಸಿಪ್ಪೆ."

"ನಾನು ಹನ್ನೆರಡಕ್ಕೆ ದೊಡ್ಡವಳಾದಾಗ ಅಜ್ಜಿ ಮನೇಲಿ ನೀವೇ ಹೇಳಿಕೊಟ್ರಿ. ಆವಾಗ ಫೋನಿರಲಿಲ್ಲ. ಆವಾಗ್ಲೂ ಇದೇ ಅರ್ಥ ಹೇಳಿದ್ರಿ."

"ಆವಾಗ ನಿನಗೆ ಅರ್ಧ ನಿದ್ದೆ. ನಿನ್ನ ತಲೆ, ಇವತ್ತು ಬರ್ತಾರಲ್ಲ, ಆ ಬಾನಾ ಚಿಶಾಲ ತೊಡೆ ಮೇಲೆ ಬಿದ್ದಿತ್ತು. ಏನು ಕೇಳಿಸಿಕೊಂಡೆ ನೀನು?"

ಕಸೊಂಡೆ ಆ ಗುಡಿಸಲನ್ನು ಕಣ್ಣಿಗೆ ತಂದುಕೊಳ್ಳಲು ನೋಡಿದಳು. ಹೊಗೆ, ಎಣ್ಣೆಯ ವಾಸನೆ, ಸುಣ್ಣದ ಬೊಟ್ಟಿಟ್ಟ ಗೊಂಬೆಗಳು, ಯಾರದೋ ತೊಡೆಯ ಬಿಸಿ. ಹಾಡು ಇತ್ತು. ಅರ್ಥ ಎಲ್ಲಿಂದ ಬಂತು? ಅಂದು ಕೇಳಿದ್ದೋ, ಆಮೇಲೆ ಮುದ್ರಣದಲ್ಲಿ ಕೇಳಿದ್ದನ್ನು ಅವಳೇ ಹಿಂದಕ್ಕೊಯ್ದು ಆ ಗುಡಿಸಲಿನಲ್ಲಿ ಇಟ್ಟು ಬಂದದ್ದೋ? ಅತ್ತೆಯ ಮುಖದಲ್ಲಿ ಏನೂ ಬರೆದಿರಲಿಲ್ಲ. ಜೀವನವಿಡೀ ಮುಚ್ಚಿಡುವುದನ್ನು ಕಲಿಸಿದವಳ ಮುಖ. ಇವಳು ನಿಜವಾಗಿಯೂ ಅಂದು ನನಗೆ ಸುಳ್ಳು ಹೇಳಿದ್ದಳೋ, ಅಥವಾ ನಿನ್ನೆ, ಫೋನಿನಲ್ಲಿ ಕೋಳಿ ಕೊಕ್ಕರಿಸಿದ ಆ ಹೊತ್ತಿನಲ್ಲಿ, ಸುಳ್ಳೊಂದೇ ಬಾಗಿಲು ಎಂದು ಕಂಡುಕೊಂಡಳೋ. ಮೊದಲನೆಯದಾದರೆ ತಾನು ಹತ್ತು ವರ್ಷ ಕಷ್ಟಪಟ್ಟು ಕಟ್ಟಿದ್ದೆಲ್ಲ ಸಿಪ್ಪೆ. ಇನ್ನೊಂದಾದರೆ ಈಗ ಸುಳ್ಳು ಹೇಳಬೇಕಾದವಳು ತಾನು. ಕೇಳಿದರೆ ಅತ್ತೆ ಹೇಳುವಳೇ? ಕೈ ಬರಿದಾಗಿತ್ತು, ಬಸ್ಸಿನ ಚಿಲ್ಲರೆ ಬಿಟ್ಟರೆ ಕಾಣಿಕೆಯೆಂದು ಏನೂ ತಂದಿರಲಿಲ್ಲ. ತಂದಿರಲಿಲ್ಲ ಎಂಬುದು ಕೂಡ ಈಗ ಹೊಳೆದದ್ದು. ಅಷ್ಟೂ ಮುದ್ರಣದ ದಿನಗಳಲ್ಲಿ ಅವಳು ಒಂದು ಸಲವೂ ಕಾಣಿಕೆ ಕೊಟ್ಟಿರಲಿಲ್ಲ. ಸಂಶೋಧನೆಗೆ ಮಾಹಿತಿ ಕೊಟ್ಟವರಿಗೆ ದುಡ್ಡು ಕೊಡಬಾರದೆಂದು ಸಮಿತಿ ಹೇಳಿತ್ತು, ಅವಳು ಅದನ್ನೇ ನಿಯತ್ತು ಎಂದುಕೊಂಡಿದ್ದಳು. ಕಾಣಿಕೆಯಿಲ್ಲದೆ ಕೇಳಿದವರಿಗೆ ಪೂರ್ತಿ ಹೇಳುವ ನಾಚಿಂಬುಸಾ ಇರುತ್ತಾಳೆಯೇ? ಇರಬಹುದು, ಕೇಳಿದವಳು ತಮ್ಮನ ಮಗಳಾದರೆ. ಈ ಎರಡನೆಯ ಯೋಚನೆ ಮೊದಲನೆಯದಕ್ಕಿಂತ ಭಾರವಾಗಿತ್ತು.

"ನನ್ನ ಹೆಸರು ಹೋಗತ್ತೆ ಅತ್ತೆ," ಅಂದಳು. ಹೇಳಬಾರದೆಂದುಕೊಂಡಿದ್ದ ಮಾತು.

ಅತ್ತೆ ಮಡಕೆಯ ಬಾಯಿಗೆ ತಟ್ಟೆ ಮುಚ್ಚಿದಳು. "ನನ್ನದು ಹೋಗಿಲ್ವಾ?" ಎಂದಳು. ಬೈಗುಳವಾಗಿರಲಿಲ್ಲ, ಕೇಳಿ ತಿಳಿಯುವ ಹಾಗಿತ್ತು.

ಬಂದವರು ಆರೇಳು ಮಂದಿ. ಎಲ್ಲರಿಗಿಂತ ಹಿರಿಯಳು ಬಾನಾ ಚಿಶಾಲ, ಸೊಂಟಕ್ಕೆ ಎರಡು ಚಿಟೆಂಗೆ ಬಟ್ಟೆ ಸುತ್ತಿಕೊಂಡು, ಹಲ್ಲಿಲ್ಲದ ಬಾಯನ್ನು ಅಗಿಯುತ್ತ ಒಳಕೋಣೆಯ ಗೋಡೆಗೊರಗಿ ಕೂತಳು. ಅತ್ತೆ ಮುಂಕೋಯೊ ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ಲೋಟಗಳು ಅವರ ಮುಂದೆ ಸಾಲಾಗಿ, ನೊರೆ ಇಳಿಯುತ್ತ, ನೊಣಗಳು ಒಂದೊಂದಾಗಿ ಬರುತ್ತ. ಒಬ್ಬಳು ಮಾತು ತೆಗೆದಳು, ಮುಖ ನೋಡದೆ, ಹವಾಮಾನ ಹೇಳುವಂತೆ. ಈಗ ಹುಡುಗಿಯರು ಪಾಠಕ್ಕೆ ಬಂದರೆ ನಗ್ತಾರೆ, ಇದೆಲ್ಲ ನಮ್ಮ ಫೋನಲ್ಲಿದೆ ಅಂತಾರೆ. ಇನ್ನೊಬ್ಬಳು, ನಮ್ಮ ಅಳಿಯ ನನ್ನ ಮುಂದೆ ಆ ಹಾಡು ಸಿಳ್ಳೆ ಹಾಕ್ದ, ನಾನು ಸತ್ತುಹೋದೆ, ಎಂದಳು. ಮೂರನೆಯವಳು ಅತ್ತೆಯನ್ನಲ್ಲ, ಗೋಡೆಯನ್ನು ಉದ್ದೇಶಿಸಿ, "ಮಾರಿದ್ರೂ ಒಂದು ಮರ್ಯಾದೆ ಇತ್ತು, ಪುಕ್ಕಟೆ ಕೊಟ್ಟುಬಿಟ್ರಂತೆ," ಎಂದಳು. ಅದಕ್ಕೆ ಒಂದಿಬ್ಬರು ತಡೆಯಲಾರದೆ ನಕ್ಕು ಬಾಯಿ ಮುಚ್ಚಿಕೊಂಡರು. ಕಸೊಂಡೆಗೆ ಕಿವಿಯವರೆಗೆ ಬಿಸಿಯೇರಿತು. ಪುಕ್ಕಟೆ ಎಂಬುದು ಅವಳ ಬಾಯಲ್ಲಿ ಇಷ್ಟು ದಿನ ಒಂದು ಹೆಮ್ಮೆಯ ಮಾತಾಗಿತ್ತು. ಸಭೆಗಳಲ್ಲಿ ಎದ್ದು ನಿಂತು ಹೇಳಿದ್ದಳು. ಈ ಕೋಣೆಯಲ್ಲಿ ಅದು ಬೀದಿಯ ಹೆಣ್ಣನ್ನು ಕರೆಯುವ ಮಾತಿನಂತಿತ್ತು.

ಬಾನಾ ಚಿಶಾಲ ಅವಳತ್ತ ತಿರುಗಿದಳು. "ನೀನು ಹೇಳು ಕಂದ. ನೀನು ಓದಿದವಳು. ನೀನು ಬರೆದದ್ದು ನಮ್ಮ ಗುಟ್ಟಾ?"

ಒಂದು ಮಾತು ಹೇಳಬೇಕಾಗಿತ್ತು, ಎರಡರಲ್ಲಿ ಒಂದು. ಅವಳು ಅತ್ತೆಯನ್ನು ನೋಡಲಿಲ್ಲ, ನೋಡಿದರೆ ಆ ಮುಖದಲ್ಲಿ ನಿಜವನ್ನು ಹುಡುಕುತ್ತೇನೆ ಎಂದು ಗೊತ್ತಿತ್ತು. ನೆಲದ ಮೇಲೆ ಕೈಯೂರಿದಳು. ಸೆಗಣಿ ಸಾರಿಸಿದ ನೆಲವಲ್ಲ, ಸಿಮೆಂಟು, ತಣ್ಣಗಿತ್ತು.

"ಅಲ್ಲ," ಅಂದಳು. "ನಾನು ಬರೆದದ್ದು ತಪ್ಪು. ಅತ್ತೆ ನನಗೆ ಅರ್ಥ ಹೇಳಿಲ್ಲ."

"ಯಾವತ್ತೂ ಹೇಳಿಲ್ವಾ?"

"ಹೇಳಿಲ್ಲ, ಮುಕ್ವಾಯ್," ಎಂದಳು, ದೊಡ್ಡವರನ್ನು ಮರ್ಯಾದೆಯಿಂದ ಕರೆಯುವ ಹಾಗೆ. "ನಾನೇ ಏನೋ ಕಟ್ಟಿಕೊಂಡು ಬರೆದೆ. ಅದನ್ನ ಹಾಗೇ ಬರೆದು ಎಲ್ಲರಿಗೂ ತಿಳಿಸ್ತೀನಿ, ಓದಿದೋರಿಗೆಲ್ಲ."

ಹೊರಗೆ ಮಾವನ ರೇಡಿಯೊ ಒಂದು ಕ್ಷಣ ಕರಕರ ಎಂದು ನಿಂತಿತು. ಬಾನಾ ಚಿಶಾಲ ಅವಳನ್ನು ಬಹಳ ಹೊತ್ತು ನೋಡಿದಳು. ಹನ್ನೆರಡು ವರ್ಷದ ಹುಡುಗಿಯ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದವಳು, ಅಂದು ಆ ಗುಡಿಸಲಿನಲ್ಲಿ ಏನು ಹೇಳಲಾಯಿತೆಂದು ಅತ್ತೆಯನ್ನು ಬಿಟ್ಟರೆ ಬಲ್ಲ ಇನ್ನೊಬ್ಬಳು ಅವಳೇ. ಆ ಕಣ್ಣುಗಳಲ್ಲಿ ಏನೋ ಮೂಡಿತು, ನಗುವೋ ಕರುಣೆಯೋ, ಮೂಡಿದ ಹಾಗೇ ಮುಳುಗಿತು. ಅವಳು ಲೋಟದೊಳಗಿನ ನೊಣವನ್ನು ಕಿರುಬೆರಳಿನಿಂದ ತೆಗೆದು, ಗಟಗಟ ಕುಡಿದು, ತುಟಿ ಒರೆಸಿಕೊಂಡಳು. "ಬೇರು ಜಾಸ್ತಿಯಾಗಿದೆ ಬಾನಾ ಕಬಾಸೊ," ಎಂದಳು. ಉಳಿದವರೂ ಲೋಟ ಎತ್ತಿದರು. ಅಷ್ಟೇ. ಯಾರೂ ಅಳಲಿಲ್ಲ, ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ. ಮಾತು ಆಗಲೇ ಮುಂದಿನ ವಾರದ ಹುಡುಗಿಯತ್ತ ಹೊರಳಿತು, ಅವಳ ಎತ್ತರ, ಅವಳ ತಾಯಿಯ ಜಂಬ, ಗೊಂಬೆಗಳನ್ನು ಇವತ್ತೇ ಮಾಡಿಬಿಡುವುದೋ ಎಂದು. ಒಬ್ಬಳು ಹೊರಗಿನಿಂದ ಜೇಡಿಮಣ್ಣಿನ ಮೂಟೆ ಎಳೆದು ತಂದಳು. ಅತ್ತೆ ತೋಳು ಮಡಿಸಿಕೊಂಡು ಮಣ್ಣಿನ ಮುಂದೆ ಕೂತಳು, ಅವಳ ಜಾಗದಲ್ಲಿ.

ಕಸೊಂಡೆಯೂ ಎದ್ದಳು. ಅವಳ ಕೈಗೆ ಆ ಕೆಲಸ ಗೊತ್ತಿತ್ತು. ಅತ್ತೆ ಮಣ್ಣು ಕಲಸುವಾಗ ನೀರು ಹಾಕುವವಳು ಪ್ರತಿ ಸಲವೂ ಅವಳೇ. ಚೊಂಬು ಎತ್ತಿಕೊಂಡು ಬಗ್ಗಿದಾಗ ಬಾನಾ ಚಿಶಾಲ, "ನೀನೆಲ್ಲಿಗೆ?" ಎಂದಳು.

"ನೀರು ಹಾಕ್ತೀನಿ."

"ಹೇಳಿಸಿಕೊಳ್ಳದೆ ಇರೋರು ಇಲ್ಲಿ ಕೂರೋ ಹಾಗಿಲ್ಲ ಕಂದ." ದನಿಯಲ್ಲಿ ಗಡಸಿರಲಿಲ್ಲ. ಸೊಸೆಯರಿಗೆ, ಮಕ್ಕಳಿಗೆ, ದಾರಿ ತಪ್ಪಿ ಬಂದ ಗಂಡಸರಿಗೆ ಹೇಳುವ ಅದೇ ದನಿ. "ನೀನೇ ಹೇಳಿದ್ಯಲ್ಲ."

ಅತ್ತೆಯ ಕೈ ಮಣ್ಣಿನೊಳಗೆ ನಿಂತಿತು. ಈಗ ಅವಳು ಏನಾದರೂ ಹೇಳಬಹುದು. ಹೇಳಿದರೆ ಎಲ್ಲ ಬಿಚ್ಚಿಹೋಗುತ್ತದೆ. ಕೈ ಮತ್ತೆ ಕಲಸತೊಡಗಿತು. "ಚೊಂಬು ಅಲ್ಲೇ ಇಡು," ಎಂದಳು ಅತ್ತೆ, ತಲೆಯೆತ್ತದೆ. "ಮಾವನಿಗೆ ಹಸಿವಾಗಿರತ್ತೆ, ಗೆಣಸು ಬೇಯಿಸಿಟ್ಟಿದೀನಿ, ತಗೊಂಡು ಹೋಗು." ಚೊಂಬಿನಿಂದ ಕೈ ಬಿಡುವಾಗ ಅತ್ತೆಯ ಮಣ್ಣಿನ ಬೆರಳು ಅವಳ ಬೆರಳನ್ನು ಒಂದು ಗಳಿಗೆ ಒತ್ತಿದಂತಾಯಿತು. ಒತ್ತಿತೋ ತಾಗಿತೋ. ಅವಳು ಹೊರಗೆ ಬಂದಳು, ಹಿಂದೆ ಬಾಗಿಲಿನ ಪರದೆ ಬಿತ್ತು.

ಬೆಂಚಿನ ಮೇಲೆ ಮಾವ ರೇಡಿಯೊದ ತಿರುಪುಗಳನ್ನು ಅಂಗೈಯಲ್ಲಿ ಬಾಚಿಕೊಂಡು ಜಾಗ ಮಾಡಿಕೊಟ್ಟ. ಗೆಣಸಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವಳನ್ನು ಅಡ್ಡಗಣ್ಣಿನಲ್ಲಿ ನೋಡಿ, ಯಾಕೆಂದು ಕೇಳಲಿಲ್ಲ. "ಈ ಕಡೆ ಕೂತ್ಕೋ, ಆ ಕಡೆ ಬಿಸಿಲು ಬರತ್ತೆ," ಎಂದಷ್ಟೇ ಹೇಳಿದ. ಒಳಗೆ ಮಣ್ಣು ತಟ್ಟುವ ಸದ್ದು, ಆಮೇಲೆ ಹಾಡು. ಪರದೆಯ ಈಚೆ ಪದಗಳು ಅಂಚು ಸವೆದು ಬರುತ್ತಿದ್ದವು. ಗೊತ್ತಿರುವ ಹಾಡೇ ಇರಬೇಕು. ಅಥವಾ ಅದರದೇ ರಾಗದ ಬೇರೆ ಹಾಡು. ಅವಳು ಒಂದು ಪದ ಹಿಡಿದಳು, ಅದರ ಅರ್ಥ ನಾಲಿಗೆಯ ತುದಿಗೆ ಬಂತು, ಇದೇ ಹೌದು ಎಂದುಕೊಳ್ಳುವಷ್ಟರಲ್ಲಿ ಅದು ಸಿಪ್ಪೆಯೋ ತಿರುಳೋ ಎಂಬ ಅನುಮಾನ ಬಂದು ಕೂತಿತು. ಇನ್ನು ಮೇಲೆ ಪ್ರತಿ ಪದಕ್ಕೂ ಹೀಗೇ. ಚೀಲದಲ್ಲಿ ಫೋನು ನಡುಗಿತು. ಜೆರೆಯ ಸಂದೇಶ: ನೀವು ನಿಜವಾಗಿ ಹಿಂದಕ್ಕೆ ತಗೊಳ್ಳೋದಾದ್ರೆ ಕಾರಣ ಏನಂತ ಬರೀಲಿ, ಇಲಿ ತಿನ್ನೋನಿಗೆ ಒಂದು ಸಾಲು ಕಳಿಸಿ. ಅವಳು ಬೆರಳಿಗಂಟಿದ ಮಣ್ಣು ಒರೆಸಿಕೊಂಡಳು. ಆಮೇಲೆ ಬರೆದಳು: ಲೇಖಕಿಗೆ ಅರ್ಥ ತಿಳಿದಿರಲಿಲ್ಲ. ಕಳಿಸಿದ ಮೇಲೆ ಅದನ್ನು ಇನ್ನೊಮ್ಮೆ ಓದಿದಳು. ಅವಳು ಇಷ್ಟು ವರ್ಷದಲ್ಲಿ ಬರೆದ ಸಾಲುಗಳಲ್ಲಿ ನಿಜವೋ ಸುಳ್ಳೋ ಎಂದು ಯಾರೂ, ಅವಳೂ, ಪರೀಕ್ಷಿಸಲಾರದ ಒಂದೇ ಸಾಲು ಅದು.

ಒಳಗೆ ಯಾರೋ ಏನೋ ಅಂದರು. ಹೆಂಗಸರೆಲ್ಲ ಒಟ್ಟಿಗೆ ನಕ್ಕರು, ಹೊಟ್ಟೆ ಹಿಡಿದುಕೊಂಡು ನಗುವ ನಗು, ಅದರ ನಡುವೆ ಅತ್ತೆಯ ಗೊಗ್ಗರು ನಗು ಬೇರೆಯಾಗಿ ಕೇಳಿಸಿತು, ಒಂದು ತಿಂಗಳಿನಿಂದ ಯಾರೂ ಕೇಳದಿದ್ದದ್ದು. ಕಸೊಂಡೆಯ ಬಾಯಿ ತಾನಾಗಿ ಅರಳಿತು. ಪಕ್ಕಕ್ಕೆ ನೋಡಿದರೆ ಮಾವನೂ, ಬಾಯಿ ತುಂಬ ಗೆಣಸು ತುಂಬಿಕೊಂಡು, ನಗುತ್ತಿದ್ದ.

"ಏನಂದ್ರು ಮಾವ?"

"ಯಾರಿಗೆ ಗೊತ್ತು," ಎಂದ ಮಾವ. "ಅವರು ನಕ್ಕಾಗ ನಗೋದು, ಅಷ್ಟೆ. ಅಭ್ಯಾಸ ಆಗತ್ತೆ."